ಯುರೇನಿಯಂ ಯಾವ ರೂಪದಲ್ಲಿ ಉಳಿಯಬೇಕು?

ಯುರೇನಿಯಂ ಎಂದೊಡನೆ ನಮಗೆ ನೆನಪಾಗುವುದು ವಿಕಿರಣ. ಆದರೆ ಅಮೆರಿಕದ ಕೆಂಟಕಿ ಮತ್ತು ಒಹಾಯೋ ರಾಜ್ಯಗಳಲ್ಲಿ ಬಯಲಿನಲ್ಲಿ ಸಾಲಾಗಿ ಮಲಗಿಸಿಟ್ಟಿರುವ ಸಾವಿರಾರು ಉಕ್ಕಿನ ಸಿಲಿಂಡರುಗಳನ್ನು ನೋಡಿಕೊಳ್ಳುವವರು ದಿನನಿತ್ಯ ಎಚ್ಚರ ವಹಿಸಬೇಕಾಗಿರುವುದು ವಿಕಿರಣಕ್ಕಿಂತ ಹೆಚ್ಚಾಗಿ ತುಕ್ಕಿನ ಬಗೆಗೆ, ಗಾಳಿಯಲ್ಲಿರುವ ತೇವದ ಬಗೆಗೆ. ಆ ಸಿಲಿಂಡರುಗಳೊಳಗೆ ಇರುವುದು ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ ಬಿಳಿಯ ಹರಳು. ಒಂದು ಯುರೇನಿಯಂ ಪರಮಾಣುವಿಗೆ ಆರು ಫ್ಲೋರಿನ್ ಪರಮಾಣುಗಳು ಅಂಟಿಕೊಂಡಿರುವ ಈ ಸಂಯುಕ್ತವನ್ನು ಹೇಗೆ, ಯಾವಾಗ, ಯಾವ ರೂಪಕ್ಕೆ ಬದಲಿಸಬೇಕು ಎಂಬ ಪ್ರಶ್ನೆ ಅರ್ಧ ಶತಮಾನಕ್ಕೂ ಮಿಕ್ಕಿ ಪರಮಾಣು ಉದ್ಯಮದ ಬೆನ್ನು ಹಿಡಿದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತ ಬಂದ ನನಗೆ ಈ ಪ್ರಶ್ನೆ ಬಹಳ ಹತ್ತಿರದ್ದು. ಒಂದೇ ಧಾತು ಬೇರೆ ಬೇರೆ ಸಂಯುಕ್ತಗಳಲ್ಲಿ ಬೇರೆ ಬೇರೆ ಮಟ್ಟದ ಅಪಾಯವಾಗುತ್ತದೆ ಎಂಬ ಮಾತನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆಯನ್ನು ನಾನು ಕಂಡಿಲ್ಲ.

ಮೊದಲು, ಇಂಥ ಕಷ್ಟದ ವಸ್ತುವನ್ನು ಯಾಕಾದರೂ ತಯಾರಿಸುತ್ತಾರೆ ಎಂಬುದನ್ನು ಹೇಳಬೇಕು. ಭೂಮಿಯಿಂದ ಅಗೆದು ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಸೀಳುವ ಯುರೇನಿಯಂ-235 ಇರುವುದು ಶೇಕಡಾ 0.7ರಷ್ಟು ಮಾತ್ರ, ಉಳಿದುದೆಲ್ಲ ಹೆಚ್ಚುಕಡಿಮೆ ಯುರೇನಿಯಂ-238. ಈ ಎರಡು ಐಸೋಟೋಪುಗಳು ರಾಸಾಯನಿಕವಾಗಿ ಒಂದೇ ರೀತಿ ವರ್ತಿಸುವುದರಿಂದ ಅವನ್ನು ಬೇರ್ಪಡಿಸಲು ತೂಕದ ಅತಿ ಸಣ್ಣ ವ್ಯತ್ಯಾಸವೊಂದೇ ಆಧಾರ. ಅದಕ್ಕೆ ಅನಿಲ ಬೇಕು. ಸಾಮಾನ್ಯ ವಾಯುಭಾರದಲ್ಲಿ ಸುಮಾರು 56 ಡಿಗ್ರಿ ಸೆಲ್ಸಿಯಸ್‌ಗೆ ಘನರೂಪದಿಂದ ನೇರವಾಗಿ ಅನಿಲವಾಗುವ ಹೆಕ್ಸಾಫ್ಲೋರೈಡ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದಲ್ಲದೆ ನಿಸರ್ಗದಲ್ಲಿ ಫ್ಲೋರಿನ್‌ಗೆ ಒಂದೇ ಐಸೋಟೋಪ್ ಇರುವುದರಿಂದ ಅಣುಗಳ ತೂಕದಲ್ಲಿ ಕಾಣುವ ವ್ಯತ್ಯಾಸವೆಲ್ಲ ಯುರೇನಿಯಂನದೇ ಆಗಿರುತ್ತದೆ: ಒಂದು ಅಣುವಿನ ತೂಕ 349 ಮಾನ, ಇನ್ನೊಂದರದು 352. ಈ ಮೂರು ಮಾನಗಳ ವ್ಯತ್ಯಾಸವನ್ನು ಹಿಡಿದುಕೊಂಡು ಸಂಪುಷ್ಟೀಕರಣದ, ಅಂದರೆ 235ರ ಅಂಶವನ್ನು ಹೆಚ್ಚಿಸುವ, ಕಾರ್ಖಾನೆಗಳು ಸ್ವಲ್ಪ ಪ್ರಮಾಣದ ಸಂಪುಷ್ಟ ಯುರೇನಿಯಂ ಹೊರತೆಗೆಯುತ್ತವೆ. ಅದರ ಹಲವು ಪಟ್ಟು ಕ್ಷೀಣ ಯುರೇನಿಯಂ, ಅಂದರೆ 235ರ ಅಂಶ ಶೇಕಡಾ 0.2-0.3ಕ್ಕೆ ಇಳಿದದ್ದು, ಅದೇ ಹೆಕ್ಸಾಫ್ಲೋರೈಡ್ ರೂಪದಲ್ಲಿ ಹಿಂದೆ ಉಳಿಯುತ್ತದೆ.

ಹಾಗೆ ಉಳಿದ ವಸ್ತುವಿನ ವಿಕಿರಣ ಕಡಿಮೆ. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ. ಅಷ್ಟು ನಿಧಾನವಾಗಿ ಕ್ಷಯಿಸುವ ಧಾತು ಒಂದು ಕ್ಷಣಕ್ಕೆ ಹೊರಸೂಸುವ ಕಣಗಳೂ ಕಡಿಮೆಯೇ. ಅಪಾಯ ಇರುವುದು ಫ್ಲೋರಿನ್ ಬಂಧದಲ್ಲಿ. ಹೆಕ್ಸಾಫ್ಲೋರೈಡಿಗೆ ನೀರಿನ ಆವಿ ತಗಲಿದರೆ ಸಾಕು, ತತ್‌ಕ್ಷಣ ಎರಡು ವಸ್ತುಗಳು ಹುಟ್ಟುತ್ತವೆ. ಒಂದು ಯುರೇನೈಲ್ ಫ್ಲೋರೈಡ್. ನೀರಿನಲ್ಲಿ ಸುಲಭವಾಗಿ ಕರಗುವ ಇದು ಉಸಿರಿನ ಮೂಲಕ ಒಳಸೇರಿದರೆ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಈ ಕೆಡುಕಿಗೆ ವಿಕಿರಣ ಕಾರಣವಲ್ಲ. ಸೀಸ, ಪಾದರಸಗಳಂಥ ಭಾರಲೋಹಗಳು ಮಾಡುವ ಜಾತಿಯದೇ ರಾಸಾಯನಿಕ ವಿಷ ಅದು. ಇನ್ನೊಂದು ಹೈಡ್ರೋಜನ್ ಫ್ಲೋರೈಡ್. ಚರ್ಮಕ್ಕೆ ತಗಲಿದರೆ ಇದು ಮೇಲ್ಪದರವನ್ನು ಸುಟ್ಟು ಅಲ್ಲಿಗೇ ನಿಲ್ಲುವುದಿಲ್ಲ, ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಹೆಚ್ಚಿನ ಪ್ರಮಾಣದಲ್ಲಿ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಈ ಆಮ್ಲವನ್ನು ಬಳಸುವ ಕಡೆಗಳಲ್ಲೆಲ್ಲ ಪ್ರಥಮ ಚಿಕಿತ್ಸೆಗೆ ಕ್ಯಾಲ್ಸಿಯಂ ಗ್ಲೂಕೋನೇಟಿನ ಮುಲಾಮನ್ನು ಕೈಗೆಟಕುವಂತೆ ಇಡುವುದು ಇದೇ ಕಾರಣಕ್ಕೆ.

1986ರ ಜನವರಿ 4ರಂದು ಅಮೆರಿಕದ ಒಕ್ಲಹೋಮ ರಾಜ್ಯದ ಗೋರ್ ಎಂಬ ಊರಿನ ಬಳಿಯ ಕಾರ್ಖಾನೆಯಲ್ಲಿ ನಡೆದದ್ದು ಇದನ್ನು ಮನದಟ್ಟು ಮಾಡುತ್ತದೆ. ತೂಕದ ಯಂತ್ರದ ಮೇಲೆ ಸರಿಯಾಗಿ ಕೂರದ ಕಾರಣ ಒಂದು ಸಿಲಿಂಡರಿಗೆ ಮಿತಿಮೀರಿ ಹೆಕ್ಸಾಫ್ಲೋರೈಡ್ ತುಂಬಿತ್ತು. ಹೆಚ್ಚಾದುದನ್ನು ಹೊರತೆಗೆಯಲು ಸಿಲಿಂಡರನ್ನು ಹಬೆಯಿಂದ ಬಿಸಿ ಮಾಡಿದರು. ಘನರೂಪದಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು 5 ಗ್ರಾಂ ತೂಗುವ ಈ ವಸ್ತು ದ್ರವವಾದಾಗ ಸುಮಾರು 3.6 ಗ್ರಾಂಗೆ ಇಳಿಯುತ್ತದೆ. ಎಂದರೆ ಅದೇ ತೂಕದ ವಸ್ತುವಿಗೆ ಬಹಳ ಹೆಚ್ಚು ಜಾಗ ಬೇಕಾಗುತ್ತದೆ. ಒಳಗೆ ಆ ಜಾಗ ಇರಲಿಲ್ಲ. ಉಕ್ಕು ಹರಿಯಿತು, ಬಿಳಿಯ ಮೋಡ ಎದ್ದಿತು, ಹೈಡ್ರೋಜನ್ ಫ್ಲೋರೈಡನ್ನು ಉಸಿರಾಡಿದ ಒಬ್ಬ ಯುವ ಕಾರ್ಮಿಕ ಸತ್ತುಹೋದ, ಅನೇಕರು ಆಸ್ಪತ್ರೆ ಸೇರಿದರು. ಯುರೇನಿಯಂ ಕಾರ್ಖಾನೆಯಲ್ಲಿ ಸಂಭವಿಸಿದ ಆ ಸಾವಿನಲ್ಲಿ ವಿಕಿರಣದ ಪಾತ್ರವಿರಲಿಲ್ಲ.

ಬಯಲಿನಲ್ಲಿ ಸುಮ್ಮನೆ ಮಲಗಿರುವ ಸಿಲಿಂಡರಿಗೆ ಹಾಗೆ ಬಿಸಿ ತಗಲುವುದಿಲ್ಲ ಎಂಬುದು ನಿಜ. ಸಾಮಾನ್ಯ ಉಷ್ಣತೆಯಲ್ಲಿ ಅದರ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ ಇರುವುದರಿಂದ, ತುಕ್ಕಿನಿಂದ ಸಣ್ಣ ತೂತಾದರೂ ಒಳಗಿನದು ಚಿಮ್ಮುವ ಬದಲು ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ. ಆ ತೇವದ ಗಾಳಿ ಹೆಕ್ಸಾಫ್ಲೋರೈಡಿನೊಡನೆ ಸೇರಿ ಉಂಟಾಗುವ ಘನ ಪದಾರ್ಥ ತೂತಿನ ಬಾಯಿಗೆ ಕಟ್ಟಿಕೊಂಡು ಸೋರಿಕೆಯನ್ನು ನಿಧಾನಿಸುತ್ತದೆ. ಆದರೆ ಅದೇ ಪ್ರತಿಕ್ರಿಯೆಯಲ್ಲಿ ಹುಟ್ಟುವ ಆಮ್ಲ ತೂತಿನ ಸುತ್ತಲಿನ ಉಕ್ಕನ್ನು ತಿನ್ನುತ್ತಲೂ ಇರುತ್ತದೆ. ಸುಮಾರು 8 ಮಿಲಿಮೀಟರ್ ದಪ್ಪದ ಸಾಮಾನ್ಯ ಉಕ್ಕಿನ ಗೋಡೆ, ಮಳೆ, ಹಿಮ, ಕೆಳಗಿನ ಮರದ ದಿಮ್ಮಿಯಲ್ಲಿ ನಿಂತ ನೀರು: ಇವುಗಳ ನಡುವೆ ಹತ್ತಾರು ವರ್ಷ ಕಳೆದ ಪಾತ್ರೆಯನ್ನು ಎಷ್ಟೇ ತಪಾಸಣೆ ಮಾಡಿದರೂ, ಎಷ್ಟೇ ಬಣ್ಣ ಬಳಿದರೂ, ಒಳಗಿರುವ ವಸ್ತುವಿನ ಸ್ವಭಾವ ಒಂದಿಷ್ಟೂ ಬದಲಾಗುವುದಿಲ್ಲ.

ಈ ಮಾತು ಕಾಸರಗೋಡಿನವರಿಗೆ ಹೊಸದಲ್ಲ. ನಮ್ಮ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ನಿಂತ ಮೇಲೆ, ಬಳಕೆಯಾಗದೆ ಉಳಿದ ವಿಷ ಗೋದಾಮುಗಳಲ್ಲಿ ಬ್ಯಾರೆಲುಗಳಲ್ಲೇ ಇತ್ತು. ಬ್ಯಾರೆಲುಗಳು ಸೋರತೊಡಗಿದಾಗ, 2012ರಲ್ಲಿ, ಅದನ್ನು ಹೊಸ ಬ್ಯಾರೆಲುಗಳಿಗೆ ಬದಲಾಯಿಸಿದರು. ಆ ಕೆಲಸ ಅಗತ್ಯವಾಗಿತ್ತು, ಅಪಾಯದ ನಡುವೆ ನಿಂತು ಅದನ್ನು ಮಾಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಆಗ ನೆರೆಮನೆಯ ಹಿರಿಯ ಕೃಷಿಕರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ನೇರವಾಗಿತ್ತು: "ಮಾಷ್ಟ್ರೇ, ಬ್ಯಾರೆಲು ಹೊಸತಾದರೆ ಒಳಗಿನ ಮದ್ದು ಬೇರೆಯಾಗುತ್ತದಾ?" ಆಗುವುದಿಲ್ಲ. ಎಂಡೋಸಲ್ಫಾನಿನ ಅಣುವನ್ನು ಕ್ಷಾರದಿಂದ ಒಡೆಯಬಹುದು, ಸರಿಯಾದ ಕುಲುಮೆಯಲ್ಲಿ ಸುಡಬಹುದು. ಹಾಗೆ ಮಾಡಿದ ಮೇಲೆ ಮಾತ್ರ ಅದು ಇಲ್ಲವಾಯಿತು ಎನ್ನಬಹುದು. ಯುರೇನಿಯಂಗೆ ಆ ದಾರಿಯೂ ಇಲ್ಲ. ಧಾತುವನ್ನು ಸುಟ್ಟು ಇಲ್ಲವಾಗಿಸಲು ಬರುವುದಿಲ್ಲ. ಅದು ಯಾವ ಪರಮಾಣುಗಳ ಜೊತೆ ಇರಬೇಕು ಎಂಬುದನ್ನಷ್ಟೇ ನಾವು ತೀರ್ಮಾನಿಸಬಹುದು, ಮತ್ತು ಆ ಕಾರಣಕ್ಕೇ ಆ ತೀರ್ಮಾನವನ್ನು ಮುಂದೂಡಬಾರದು.

ಫ್ರಾನ್ಸ್ ಮುಂದೂಡಲಿಲ್ಲ. ಅಲ್ಲಿನ ಪಿಯರ್‌ಲಾಟ್‌ನಲ್ಲಿ 1984ರಿಂದಲೇ ಕ್ಷೀಣ ಹೆಕ್ಸಾಫ್ಲೋರೈಡನ್ನು ಆಕ್ಸೈಡಾಗಿ ಮಾಡುವ ಕಾರ್ಖಾನೆ ನಡೆಯುತ್ತಿದೆ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಆರಂಭವಾದ ಸಂಪುಷ್ಟೀಕರಣದ ಉಳಿಕೆ ಏಳು ಲಕ್ಷ ಟನ್ನಿಗೂ ಮೀರಿ ಬೆಳೆಯಿತು. ಮುಂದೊಂದು ದಿನ ಬೇಕಾದೀತು ಎಂಬ ನಿರೀಕ್ಷೆಯಲ್ಲಿ ಅದನ್ನು ಹಾಗೆಯೇ ಇಟ್ಟರು. 1998ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಕೆಂಟಕಿಯ ಪಡೂಕಾದಲ್ಲೂ ಒಹಾಯೋದ ಪೋರ್ಟ್ಸ್‌ಮತ್‌ನಲ್ಲೂ ರೂಪಾಂತರದ ಕಾರ್ಖಾನೆಗಳು ಬೇಕೆಂದು ವಿಧಿಸಿತು. ಅವು ಕೆಲಸ ಆರಂಭಿಸಿದ್ದು 2010-11ರ ಹೊತ್ತಿಗೆ. ಫ್ರೆಂಚ್ ತಂತ್ರಜ್ಞಾನದಿಂದಲೇ ರಷ್ಯಾದ ಜೆಲೆನೊಗೋರ್ಸ್ಕ್‌ನಲ್ಲಿ 2009ರಲ್ಲಿ ಇನ್ನೊಂದು ಕಾರ್ಖಾನೆ ಎದ್ದಿತು. ರಸಾಯನಶಾಸ್ತ್ರ ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬರಿಗೂ ಇನ್ನೊಬ್ಬರಿಗೂ ನಡುವಿನ ಕಾಲು ಶತಮಾನದ ಅಂತರಕ್ಕೆ ಕಾರಣ ತಿಳಿವಳಿಕೆಯ ಕೊರತೆ ಆಗಿರಲಾರದು, ಖರ್ಚಿನ ಲೆಕ್ಕವನ್ನು ಯಾವ ಪೀಳಿಗೆಯ ಹೆಸರಿಗೆ ಬರೆಯಬೇಕೆಂಬ ಮನೋಭಾವ ಎಂದು ನಾನು ನಂಬಿದ್ದೇನೆ.

ಆ ರಸಾಯನಶಾಸ್ತ್ರ ಎರಡು ಹಂತಗಳದು. ಮೊದಲ ಹಂತದಲ್ಲಿ, ಹೊರಗಾದರೆ ಅವಘಡವೆನಿಸುವ ಅದೇ ಪ್ರತಿಕ್ರಿಯೆಯನ್ನು ಮುಚ್ಚಿದ ಪಾತ್ರೆಯೊಳಗೆ ಬೇಕೆಂದೇ ನಡೆಸುತ್ತಾರೆ: ಬಿಸಿಮಾಡಿ ಅನಿಲವಾಗಿಸಿದ ಹೆಕ್ಸಾಫ್ಲೋರೈಡಿಗೆ ಹಬೆಯನ್ನು ಹಾಯಿಸಿ ಯುರೇನೈಲ್ ಫ್ಲೋರೈಡಿನ ಪುಡಿಯನ್ನೂ ಹೈಡ್ರೋಜನ್ ಫ್ಲೋರೈಡನ್ನೂ ಪಡೆಯುತ್ತಾರೆ. ಎರಡನೆಯ ಹಂತದಲ್ಲಿ ಆ ಪುಡಿ ತಿರುಗುವ ಕುಲುಮೆಯೊಳಗೆ ಸಾಗುವಾಗ ಎದುರಿನಿಂದ ಹಬೆ ಮತ್ತು ಹೈಡ್ರೋಜನ್ ಬರುತ್ತವೆ. 700 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಉಳಿದ ಫ್ಲೋರಿನ್ ಕೂಡ ಬಿಟ್ಟುಹೋಗಿ ಮೂರು ಯುರೇನಿಯಂ ಪರಮಾಣುಗಳಿಗೆ ಎಂಟು ಆಮ್ಲಜನಕ ಪರಮಾಣುಗಳಿರುವ ಕಡು ಬಣ್ಣದ ಆಕ್ಸೈಡು ಹೊರಬರುತ್ತದೆ. ಲೆಕ್ಕ ಹಾಕಿದರೆ 12 ಟನ್ ಹೆಕ್ಸಾಫ್ಲೋರೈಡಿನಿಂದ ಸುಮಾರು 9.6 ಟನ್ ಆಕ್ಸೈಡೂ 4 ಟನ್ನಿಗಿಂತ ಸ್ವಲ್ಪ ಹೆಚ್ಚು ಹೈಡ್ರೋಜನ್ ಫ್ಲೋರೈಡೂ ಸಿಗುತ್ತವೆ. ಈ ಎರಡನೆಯ ಅಂಕಿಯನ್ನು ನಾನು ಮಕ್ಕಳ ಮುಂದೆ ಯಾವಾಗಲೂ ಒತ್ತಿ ಹೇಳುತ್ತಿದ್ದೆ. ರೂಪಾಂತರದಿಂದ ಫ್ಲೋರಿನ್ ಮಾಯವಾಗಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂದಿದೆ. ಅದನ್ನು ಹೈಡ್ರೋಫ್ಲೋರಿಕ್ ಆಮ್ಲವಾಗಿ ಶೇಖರಿಸಿ ಉದ್ಯಮಗಳಿಗೆ ಮಾರುತ್ತಾರೆ. ಕೊಳ್ಳುವವರಿಲ್ಲದಿದ್ದರೆ ಸುಣ್ಣದೊಡನೆ ಸೇರಿಸಿ ಕ್ಯಾಲ್ಸಿಯಂ ಫ್ಲೋರೈಡ್ ಮಾಡುತ್ತಾರೆ. ಅದು ಫ್ಲೋರಿನ್‌ನ ಮೂಲ ಖನಿಜವಾದ ಫ್ಲೋರೈಟಿನ ಸಂಯುಕ್ತವೇ, ನೀರಿನಲ್ಲಿ ಅತ್ಯಲ್ಪ ಕರಗುವಂಥದು.

ಆಕ್ಸೈಡನ್ನೇ ಯಾಕೆ ಆರಿಸಬೇಕು ಎಂಬುದಕ್ಕೆ ಉತ್ತರ ಉಳಿದ ರೂಪಗಳನ್ನು ನೋಡಿದಾಗ ಸಿಗುತ್ತದೆ. ಲೋಹವಾಗಿ ಮಾಡಿದರೆ ಸೀಸಕ್ಕಿಂತಲೂ ಭಾರವಾದ ಯುರೇನಿಯಂ ತೀರ ಸ್ವಲ್ಪ ಜಾಗ ಹಿಡಿಯುತ್ತದೆ, ಆದರೆ ಅದರ ಪುಡಿ ಮತ್ತು ಚೂರುಗಳು ಗಾಳಿಯಲ್ಲಿ ತಾವಾಗಿಯೇ ಹೊತ್ತಿಕೊಳ್ಳುತ್ತವೆ, ತೇವದಲ್ಲಿ ಲೋಹ ಸವೆಯುತ್ತದೆ. ಹಸಿರು ಬಣ್ಣದ ಟೆಟ್ರಾಫ್ಲೋರೈಡ್ ಹೆಕ್ಸಾಫ್ಲೋರೈಡಿಗಿಂತ ಎಷ್ಟೋ ಶಾಂತ, ಆದರೆ ಅದರಲ್ಲಿ ಇನ್ನೂ ನಾಲ್ಕು ಫ್ಲೋರಿನ್ ಪರಮಾಣುಗಳು ಕುಳಿತಿವೆ. ಒಂದಕ್ಕೆ ಎರಡು ಆಮ್ಲಜನಕವಿರುವ ಡೈಆಕ್ಸೈಡ್ ರಿಯಾಕ್ಟರಿನ ಇಂಧನಕ್ಕೆ ಸರಿ. ಗಾಳಿಯಲ್ಲಿ ಬಿಸಿಯಾದರೆ ಅದು ಆಮ್ಲಜನಕವನ್ನು ಹೀರಿ ಉಬ್ಬಿ ಮತ್ತೆ ಅದೇ ಮೂರಕ್ಕೆ ಎಂಟರ ಆಕ್ಸೈಡಾಗುತ್ತದೆ. ಗಾಳಿಯಲ್ಲಿ ಇನ್ನೇನೂ ಆಗಲು ಬಯಸದ ರೂಪವನ್ನು ಆರಿಸುವುದೇ ವಿವೇಕ.

ಕರಗುವಿಕೆ ಎಂಬ ಗುಣದ ಮೇಲೆ ಎಷ್ಟೊಂದು ನಿಂತಿದೆ ಎಂಬುದನ್ನು ನಮ್ಮ ಅಡಿಕೆ ಕೃಷಿಕರು ಪ್ರತಿ ಮಳೆಗಾಲದಲ್ಲೂ ಕಾಣುತ್ತಾರೆ. ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತನ್ನು ನೀರಿನಲ್ಲಿ ಕರಗಿಸಿ ಹಾಗೆಯೇ ಸಿಂಪಡಿಸಿದರೆ ಹಸಿರು ಸುಟ್ಟುಹೋಗುತ್ತದೆ. ಅದಕ್ಕೆ ಸುಣ್ಣದ ಹಾಲು ಸೇರಿಸಿದಾಗ ತಾಮ್ರವು ಕರಗದ ರೂಪಕ್ಕೆ ತಿರುಗಿ ಗೊನೆಗೆ ಅಂಟಿ ಕೂರುತ್ತದೆ, ಮಳೆಗೆ ಬೇಗ ತೊಳೆದುಹೋಗುವುದಿಲ್ಲ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ, ಕೆಂಪು ಲೇಪ ಹಿಡಿಯಿತೇ ಎಂದು ನೋಡುವ ಕ್ರಮವೂ ಇದೆ. ಎರಡೂ ಸ್ಥಿತಿಯಲ್ಲಿ ಇರುವುದು ಅದೇ ತಾಮ್ರ. ಹೆಕ್ಸಾಫ್ಲೋರೈಡಿನಿಂದ ಆಕ್ಸೈಡಿಗೆ ಹೋಗುವಾಗ ಯುರೇನಿಯಂಗೆ ಆಗುವುದೂ ಇದೇ: ನೀರಿನ ದಾರಿಯಲ್ಲಿ, ರಕ್ತದ ದಾರಿಯಲ್ಲಿ ಅದರ ಓಡಾಟ ನಿಧಾನವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಮರೆಮಾಚಬಾರದು. ಕರಗದಿರುವುದು ಮೂತ್ರಪಿಂಡಕ್ಕೆ ಒಳ್ಳೆಯದು, ಶ್ವಾಸಕೋಶಕ್ಕೆ ಅಲ್ಲ. ಕರಗುವ ಯುರೇನಿಯಂ ದೇಹದೊಳಗೆ ಬಂದರೆ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ, ಹೋಗುವಾಗ ಕೆಡುಕು ಮಾಡುತ್ತದೆ. ಆಕ್ಸೈಡಿನ ನುಣ್ಣನೆಯ ದೂಳು ಉಸಿರಿನಲ್ಲಿ ಒಳಗೆ ಹೋದರೆ ಬಹುಕಾಲ ಶ್ವಾಸಕೋಶದಲ್ಲೇ ಕುಳಿತು ಆಲ್ಫಾ ಕಣಗಳನ್ನು ಹೊರಸೂಸುತ್ತದೆ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಕೊಟ್ಟಿರುವ ಗುಣಾಂಕಗಳ ಪ್ರಕಾರ, ಉಸಿರಾಡಿದ ಒಂದೇ ಪ್ರಮಾಣದ ಯುರೇನಿಯಂ-238ರಿಂದ ವಯಸ್ಕರಿಗೆ ತಗಲುವ ವಿಕಿರಣದ ಪ್ರಮಾಣ, ಬೇಗ ಕರಗುವ ರೂಪಕ್ಕಿಂತ ನಿಧಾನವಾಗಿ ಕರಗುವ ರೂಪದಲ್ಲಿ 16 ಪಟ್ಟು ಹೆಚ್ಚು. ಆದ್ದರಿಂದ ಆಕ್ಸೈಡನ್ನು ಪುಡಿಯಾಗಿ ಹರಡಲು ಬಿಡದೆ ಒತ್ತಿ, ಮುಚ್ಚಿ ಇಡಬೇಕು. ಸುರಕ್ಷಿತ ಎಂದು ಯಾರಾದರೂ ಹೇಳಿದಾಗ ಯಾವ ಅಪಾಯದಿಂದ, ಯಾವ ಅಂಗಕ್ಕೆ, ಎಷ್ಟು ಕಾಲ ಎಂದು ಕೇಳುವ ಹಕ್ಕು ಕಾರ್ಖಾನೆಯ ಕಾರ್ಮಿಕನಿಗೂ ಪಕ್ಕದ ಊರಿನವರಿಗೂ ಇದೆ.

ಫ್ಲೋರೈಡ್ ರೂಪದಲ್ಲಿ ಬಿಟ್ಟುಬಿಡುವುದರ ಅಪಾಯವನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸಿದ್ದು ಒಂದು ಸಣ್ಣ ಪ್ರಾಯೋಗಿಕ ರಿಯಾಕ್ಟರ್. ಟೆನೆಸ್ಸೀ ರಾಜ್ಯದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1965ರಿಂದ 1969ರವರೆಗೆ ನಡೆದ ಕರಗಿದ ಉಪ್ಪಿನ ರಿಯಾಕ್ಟರಿನ ಇಂಧನ ಲೀಥಿಯಂ, ಬೆರಿಲಿಯಂ, ಜಿರ್ಕೋನಿಯಂ ಫ್ಲೋರೈಡುಗಳಲ್ಲಿ ಬೆರೆತ ಯುರೇನಿಯಂ ಟೆಟ್ರಾಫ್ಲೋರೈಡ್ ಆಗಿತ್ತು. 1968ರಲ್ಲಿ ಅದು ಯುರೇನಿಯಂ-233 ಇಂಧನದಿಂದ ನಡೆದ ಮೊದಲ ರಿಯಾಕ್ಟರ್ ಕೂಡ ಆಯಿತು. ಥೋರಿಯಂನಿಂದ ಹುಟ್ಟುವ ಐಸೋಟೋಪ್ ಅದು. ಥೋರಿಯಂ ಇರುವ ಚವರದ ಮರಳಿನ ಬಗ್ಗೆ ಓದುವ ಕೇರಳದ ಮಕ್ಕಳಿಗೆ ಥೋರಿಯಂ ಎಂಬ ಹೆಸರು ಪರಿಚಿತ. ರಿಯಾಕ್ಟರ್ ನಿಂತ ಮೇಲೆ ಉಪ್ಪನ್ನು ತೊಟ್ಟಿಗಳಿಗೆ ಇಳಿಸಿ ಗಟ್ಟಿಯಾಗಲು ಬಿಟ್ಟರು. ತಣ್ಣಗಿನ ಘನ ಉಪ್ಪಿನ ಮೇಲೆ ವಿಕಿರಣ ಬೀಳುತ್ತಿದ್ದರೆ ಫ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ ಎಂಬುದು ಅಲ್ಲಿನವರಿಗೆ ತಿಳಿದಿತ್ತು. ಅದಕ್ಕಾಗಿ ವರ್ಷಕ್ಕೊಮ್ಮೆ ಉಪ್ಪನ್ನು ಬಿಸಿ ಮಾಡಿ ಫ್ಲೋರಿನ್ ಅನ್ನು ಮರಳಿ ಅದರೊಳಗೆ ಸೇರಿಸುವ ಕ್ರಮ ಇಟ್ಟುಕೊಂಡಿದ್ದರು. 1980ರ ದಶಕದ ಕೊನೆಗೆ ಅದು ನಿಂತಿತು.

1994ರಲ್ಲಿ ಅನಿಲದ ಕೊಳವೆಗಳಿಂದ ಮಾದರಿ ತೆಗೆದು ನೋಡಿದಾಗ ಅದರಲ್ಲಿ ಫ್ಲೋರಿನ್ ಮಾತ್ರವಲ್ಲ, ಯುರೇನಿಯಂ ಹೆಕ್ಸಾಫ್ಲೋರೈಡ್ ಕೂಡ ಇತ್ತು. ಬಿಡುಗಡೆಯಾದ ಫ್ಲೋರಿನ್, ಶಾಂತವಾಗಿದ್ದ ಟೆಟ್ರಾಫ್ಲೋರೈಡನ್ನು ಹಿಡಿದು ಹಾರುವ ಹೆಕ್ಸಾಫ್ಲೋರೈಡಾಗಿ ಮಾಡಿತ್ತು. ಅದು ಕೊಳವೆಗಳ ಮೂಲಕ ಸಾಗಿ ದೂರದ ಇದ್ದಿಲಿನ ಶೋಧಕದಲ್ಲಿ ಸುಮಾರು 2.6 ಕಿಲೋಗ್ರಾಂನಷ್ಟು ಯುರೇನಿಯಂ ಆಗಿ ಸೇರಿಕೊಂಡಿತ್ತು. ಸೀಳುವ ಯುರೇನಿಯಂ ಒಂದೆಡೆ ಗುಂಪುಗೂಡಿದರೆ ಪರಮಾಣುಗಳು ಒಂದರ ಹಿಂದೊಂದು ಸೀಳುವ ಸರಣಿ ವಿದಳನ ಶುರುವಾದೀತು ಎಂಬುದು ಒಂದು ಅಪಾಯ. ಸುತ್ತ ನೀರಿದ್ದರೆ ಅದು ಹೆಚ್ಚುತ್ತದೆಂದು ಶೋಧಕದ ಸುತ್ತಲಿನ ನೀರನ್ನು ಬತ್ತಿಸಿದರು. ಫ್ಲೋರಿನ್ ಮತ್ತು ಇದ್ದಿಲು ಸೇರಿ ಸಿಡಿಯಬಲ್ಲ ಸಂಯುಕ್ತಗಳಾಗುವುದು ಇನ್ನೊಂದು. ಅದನ್ನು ಅಮೋನಿಯಾದಿಂದ ಶಮನಗೊಳಿಸಿದರು. ಹೆಕ್ಸಾಫ್ಲೋರೈಡ್ ಅನಿಲವನ್ನು ಸೋಡಿಯಂ ಫ್ಲೋರೈಡಿನ ಗುಳಿಗೆಗಳಲ್ಲಿ ಹಿಡಿದು, ಕೊನೆಗೆ ಆಕ್ಸೈಡಾಗಿ ಬದಲಿಸುವ ಕೆಲಸಕ್ಕೆ ಕೈಹಾಕಿದರು. ಯುರೇನಿಯಂ-233ರ ಜೊತೆ ಬರುವ ಅತ್ಯಲ್ಪ ಯುರೇನಿಯಂ-232ರ ಸಂತತಿ (ಅದು ಕ್ಷಯಿಸಿದಾಗ ಹುಟ್ಟುವ ಧಾತುಗಳು) ತೀಕ್ಷ್ಣ ಗಾಮಾ ಕಿರಣ ಸೂಸುವುದರಿಂದ ಇದೆಲ್ಲವೂ ದಪ್ಪ ಗೋಡೆಗಳ ಹಿಂದೆ ದೂರನಿಯಂತ್ರಣದಿಂದ ಆಗಬೇಕಿತ್ತು. ಆಕ್ಸೈಡಿನಲ್ಲಿ ಫ್ಲೋರೈಡು ಉಳಿದರೆ ಮುಚ್ಚಿದ ಡಬ್ಬಿಯೊಳಗೆ ಮತ್ತೆ ಫ್ಲೋರಿನ್ ಹುಟ್ಟೀತು, ತೇವ ಉಳಿದರೆ ಹೈಡ್ರೋಜನ್ ಹುಟ್ಟಿ ಒತ್ತಡ ಏರೀತು. ಆದ್ದರಿಂದ ಎರಡನ್ನೂ ಚೆನ್ನಾಗಿ ಕಾಯಿಸಿ ಓಡಿಸಬೇಕು. ರಿಯಾಕ್ಟರ್ ನಡೆದದ್ದು ನಾಲ್ಕೂವರೆ ವರ್ಷ, ಅದರ ಉಪ್ಪಿನ ಜೊತೆ ಹೆಣಗಾಟ ನಡೆದದ್ದು ದಶಕಗಳ ಕಾಲ. ಪ್ರಯೋಗ ಮುಗಿದ ವರ್ಷವೇ ಇಂಧನಕ್ಕೊಂದು ಸ್ಥಿರ ರೂಪ ಕೊಡುವ ಕೆಲಸವೂ ಪ್ರಯೋಗದ ಭಾಗವಾಗಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ನಮ್ಮ ದೇಶದಲ್ಲಿ ಹೆಕ್ಸಾಫ್ಲೋರೈಡಿನ ಹೊರೆ ಆ ಪ್ರಮಾಣದ್ದಲ್ಲ. ಕೈಗಾದಂಥ ಭಾರಜಲದ ರಿಯಾಕ್ಟರುಗಳು ಸಂಪುಷ್ಟೀಕರಿಸದ ಯುರೇನಿಯಂನಿಂದಲೇ ನಡೆಯುವುದು ಅದಕ್ಕೆ ಮುಖ್ಯ ಕಾರಣ. ಆದರೂ ರೂಪದಿಂದ ರೂಪಕ್ಕೆ ದಾಟಿಸುವ ಕೆಲಸ ಇಲ್ಲಿಯೂ ನಿತ್ಯದ್ದು. ಜಾರ್ಖಂಡಿನ ಜಾದುಗುಡದಿಂದ ಹಳದಿ ಹಿಟ್ಟಾಗಿ ಬಂದ ಯುರೇನಿಯಂ ಅನ್ನು ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ದ್ರಾವಕದಿಂದ ಶುದ್ಧಗೊಳಿಸಿ, ಅಮೋನಿಯಾದಿಂದ ಗಸಿಯಾಗಿ ಇಳಿಸಿ, ಕಾಯಿಸಿ, ಹೈಡ್ರೋಜನ್‌ನಿಂದ ಅಪಕರ್ಷಿಸಿ (ಆಮ್ಲಜನಕದ ಅಂಶ ತಗ್ಗಿಸಿ), ಸುಮಾರು 1700 ಡಿಗ್ರಿಯಲ್ಲಿ ಬೇಯಿಸಿದ ಡೈಆಕ್ಸೈಡಿನ ಬಿಲ್ಲೆಗಳನ್ನಾಗಿ ಮಾಡುತ್ತಾರೆ. ಶುದ್ಧೀಕರಣಕ್ಕೆ ಕರಗುವ ರೂಪ ಬೇಕು, ಉಳಿಯಲು ಕರಗದ ರೂಪ ಬೇಕು. ಈ ಎರಡರ ನಡುವಿನ ಅವಧಿ ಚಿಕ್ಕದಾದಷ್ಟೂ ಒಳ್ಳೆಯದು. ಕೇರಳದ ಆಲುವಾ ಬಳಿಯ ಉದ್ಯೋಗಮಂಡಲದಲ್ಲಿ 1952ರಿಂದ ಮೊನಜೈಟ್ ಮರಳನ್ನು ಸಂಸ್ಕರಿಸಿದ ಕಾರ್ಖಾನೆಯಲ್ಲಿ ಉಳಿಯುತ್ತಿದ್ದ ಥೋರಿಯಂ ಹೈಡ್ರಾಕ್ಸೈಡಿನ ಗಸಿಯನ್ನು ದೊಡ್ಡ ಕಣಜಗಳಲ್ಲಿ ತುಂಬಿಟ್ಟಿದ್ದರು. ಮುಂದೆ ಅದನ್ನು ಹೊರತೆಗೆದು, ಅದರಲ್ಲಿದ್ದ ಸ್ವಲ್ಪ ಯುರೇನಿಯಂ ಅನ್ನು ಬೇರ್ಪಡಿಸಿ, ಥೋರಿಯಂ ಅನ್ನು ಆಕ್ಸಲೇಟಾಗಿ ಬದಲಿಸಿ ಮರುಶೇಖರಣೆ ಮಾಡುವ ಯೋಜನೆ ನಡೆಯಿತು. ಹಳೆಯ ಶೇಖರಣೆಯನ್ನು ಮತ್ತೆ ತೆರೆದು ಸರಿಪಡಿಸುವ ಈ ಬಗೆಯ ಕೆಲಸಕ್ಕೆ ಸುದ್ದಿಯಲ್ಲಿ ಜಾಗ ಸಿಗುವುದಿಲ್ಲ. ಹೊಸ ರಿಯಾಕ್ಟರಿನ ಉದ್ಘಾಟನೆಗಿಂತ ಅದು ಕಡಿಮೆಯ ಸಾಧನೆ ಎಂದು ನನಗೆ ಯಾವತ್ತೂ ಅನಿಸಿಲ್ಲ.

ಆಕ್ಸೈಡಾದ ಮೇಲೆ ಮುಂದೇನು ಎಂಬುದಕ್ಕೆ ಭೂಮಿಯೇ ಸ್ವಲ್ಪ ಮಟ್ಟಿಗೆ ಉತ್ತರ ಕೊಟ್ಟಿದೆ. ಕೆನಡಾದ ಸಿಗಾರ್ ಲೇಕ್‌ನಲ್ಲಿ 430 ಮೀಟರಿಗೂ ಹೆಚ್ಚು ಆಳದಲ್ಲಿ, ಜೇಡಿಯ ಪದರದ ಆವರಣದೊಳಗೆ, ಬಹಳ ಸಮೃದ್ಧವಾದ ಯುರೇನಿಯಂ ಆಕ್ಸೈಡಿನ ಅದಿರು ಸುಮಾರು 130 ಕೋಟಿ ವರ್ಷಗಳಿಂದ ಇದ್ದರೂ ಮೇಲಿನ ನೆಲದಲ್ಲಿ ಅದರ ವಿಕಿರಣದ ಗುರುತು ಕಾಣುವುದಿಲ್ಲ. ಆಫ್ರಿಕದ ಗಬೋನ್ ದೇಶದ ಓಕ್ಲೋದಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ನೆಲದೊಳಗೇ ಸರಣಿ ವಿದಳನ ನಡೆದಿತ್ತೆಂದು 1972ರಲ್ಲಿ ತಿಳಿದುಬಂತು. ಆ ಅದಿರಿನ ಬಹುಭಾಗ ಇದ್ದಲ್ಲೇ ಉಳಿದಿದೆ. ಎರಡೂ ಕಡೆ ಯುರೇನಿಯಂ ಅನ್ನು ಹಿಡಿದಿಟ್ಟದ್ದು ಆಮ್ಲಜನಕವಿಲ್ಲದ ಪರಿಸರ. ಆಮ್ಲಜನಕವೂ ಕಾರ್ಬೋನೇಟೂ ಇರುವ ನೀರು ಹರಿಯುವಲ್ಲಿ ಆಕ್ಸೈಡು ಕೂಡ ನಿಧಾನವಾಗಿ ಕರಗುತ್ತದೆ. ಆದ್ದರಿಂದ ರೂಪವನ್ನು ಆರಿಸುವಾಗ ಅದನ್ನು ಇಡುವ ನೆಲವನ್ನೂ ಆರಿಸಬೇಕಾಗುತ್ತದೆ.

ಇದರ ಜೊತೆಗೆ ಕಾಲದ ವಿಚಾರವೂ ಇದೆ. ಅದಿರಿನಿಂದ ಬೇರ್ಪಡಿಸಿದ ಯುರೇನಿಯಂನಲ್ಲಿ ರೇಡಿಯಂ ಮೊದಲಾದ ಸಂತತಿ ಧಾತುಗಳು ಹಿಂದೆ ಉಳಿದಿರುವುದರಿಂದ ಅದು ಇವತ್ತು ತಕ್ಕಮಟ್ಟಿಗೆ ಸೌಮ್ಯ. ಆದರೆ ಲಕ್ಷಾಂತರ ವರ್ಷಗಳಲ್ಲಿ ಆ ಸಂತತಿ ನಿಧಾನವಾಗಿ ಮತ್ತೆ ಬೆಳೆದು, ರೇಡಿಯಂ ಮತ್ತು ಅದರಿಂದ ಹುಟ್ಟುವ ರೇಡಾನ್ ಅನಿಲ ಸೇರಿ, ಕ್ಷೀಣ ಯುರೇನಿಯಂನ ಒಟ್ಟು ವಿಕಿರಣ ಹೆಚ್ಚುತ್ತಲೇ ಹೋಗುತ್ತದೆ. ಬೇರೆ ಪರಮಾಣು ತ್ಯಾಜ್ಯಗಳ ವಿಕಿರಣ ಕಾಲ ಕಳೆದಂತೆ ಇಳಿಯುವುದಾದರೆ ಇದರದು ಏರುತ್ತದೆ. ಮೇಲ್ಮೈಯಿಂದ ಕೆಲವೇ ಮೀಟರ್ ಕೆಳಗೆ ಹೂತರೆ ಸಾಕು ಎಂಬ ವಾದವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಅಮೆರಿಕದ ಎರಡು ಕಾರ್ಖಾನೆಗಳಲ್ಲಿ ಹೊರಬರುವ ಆಕ್ಸೈಡನ್ನು ಖಾಲಿಯಾದ ಅದೇ ಹಳೆಯ ಸಿಲಿಂಡರುಗಳಿಗೆ ಮರಳಿ ತುಂಬುತ್ತಾರೆ. ಇವತ್ತಿಗೆ ಅದು ಸರಿಯೇ, ಯಾಕೆಂದರೆ ತೂತಾದರೆ ಈಗ ಹೊರಬರುವುದು ಆಮ್ಲದ ಮೋಡವಲ್ಲ, ನೀರಿನಲ್ಲಿ ಸುಲಭವಾಗಿ ಕರಗದ ಪುಡಿ. ಆದರೆ ಅದನ್ನು ಆಳಕ್ಕೆ, ಆಮ್ಲಜನಕ ತಲುಪದ ಬಂಡೆಯೊಳಕ್ಕೆ ಇಳಿಸುವ ಖರ್ಚನ್ನು ಸಂಪುಷ್ಟೀಕರಣದ ಬೆಲೆಯಲ್ಲೇ ಸೇರಿಸಿ, ಇಂಧನ ಮಾರಿದ ವರ್ಷವೇ ತೆಗೆದಿಡುವ ನಿಯಮ ಎಲ್ಲ ದೇಶಗಳಲ್ಲೂ ಬರಬೇಕು.